ಸೋಮವಾರದ ತಣ್ಣನೆಯ ಮಾಂಸ

ಸಂಪಾದಕರ ಉತ್ತರ

ಶಿವಮೊಗ್ಗದಿಂದ ನಿವೃತ್ತ ಶಿಕ್ಷಕಿಯೊಬ್ಬರು, ಹೆಸರು ಬೇಡವೆಂದು ಕೇಳಿಕೊಂಡು, ಹೀಗೆ ಬರೆದಿದ್ದಾರೆ: “ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಬಂದೆ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಪಾಠ ಹೇಳಿದವಳು ನಾನು. ಪಾಠದೊಳಗಿನ ಇಂಗ್ಲಿಷರು ನಾಲ್ಕು ಗಂಟೆಗೆ ಚಹಾ ಕುಡಿದು, ಬ್ರೆಡ್ಡು ಬೆಣ್ಣೆ ತಿನ್ನುತ್ತಿದ್ದರು. ಅಲ್ಲಿ ನೋಡಿದರೆ ಪಕ್ಕದ ಮನೆಯ ಹುಡುಗ ತೊವ್ವೆ ಮಾಡಿಕೊಳ್ಳುತ್ತಾನೆ. ಆಚೆ ಮನೆಯ ಮುದುಕ ದಂಪತಿಗೆ ಶುಕ್ರವಾರ ಚೀನೀ ಅಂಗಡಿಯಿಂದ ಪೊಟ್ಟಣ ಬರುತ್ತದೆ. ನಮ್ಮವರೆಲ್ಲ ಹೋಗಿ ಇಂಗ್ಲಿಷರ ನಾಲಿಗೆಯನ್ನೇ ಬದಲಾಯಿಸಿಬಿಟ್ಟರೇ? ಅವರ ಊಟ ಎಲ್ಲಿ ಹೋಯಿತು?”

ಮಾನ್ಯರೇ,

ನಾಲಿಗೆ ಬದಲಾದದ್ದು ನಿಜ. ಆದರೆ ಅದು ಬದಲಾದದ್ದು ಕೊನೆಗೆ. ಅದಕ್ಕೂ ಮುಂಚೆ ಅವರ ವಾರವೇ ಮುರಿದುಬಿದ್ದಿತ್ತು. ಏನು ಹಾಗೆಂದರೆ ಎನ್ನುತ್ತೀರಾ? ಸ್ವಲ್ಪ ಹಿಂದಿನಿಂದ ಹೇಳಬೇಕಾಗುತ್ತದೆ.

1982ರಲ್ಲಿ ನಾನು ಆರು ತಿಂಗಳು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಲೀಡ್ಸ್‌ನಲ್ಲಿದ್ದೆ. ಅರವತ್ತು ದಾಟಿದ ವಿಧವೆಯೊಬ್ಬರ ಮನೆಯ ಮಹಡಿಯ ಕೋಣೆ ನನ್ನದು. ಮೊದಲ ದಿನ ಅವರು ‘ಐದೂವರೆಗೆ ಟೀ’ ಎಂದರು. ಒಂದು ಲೋಟ ಚಹಾ ತಾನೇ ಎಂದುಕೊಂಡು, ಪೇಟೆಯಲ್ಲಿ ಎರಡು ಬನ್ನು ತಿಂದೇ ಬಂದೆ. ಮೇಜಿನ ಮೇಲೆ ನೋಡಿದರೆ ಬೇಯಿಸಿದ ಆಲೂಗಡ್ಡೆಯ ಗುಡ್ಡೆ! ನಿಮ್ಮ ಪಾಠದ ನಾಲ್ಕು ಗಂಟೆಯ ಚಹಾ ಉಳ್ಳವರ ಮನೆಯದು. ಉತ್ತರದ ಕಾರ್ಖಾನೆಯ ಊರುಗಳಲ್ಲಿ ‘ಡಿನ್ನರ್’ ಎಂದರೆ ಮಧ್ಯಾಹ್ನದ ಊಟ, ‘ಟೀ’ ಎಂದರೆ ಸಂಜೆಯ ಊಟ.

ಆ ಮನೆಯಲ್ಲಿ ಕ್ಯಾಲೆಂಡರ್ ನೋಡುವ ಅಗತ್ಯವೇ ಇರಲಿಲ್ಲ. ತಟ್ಟೆ ನೋಡಿದರೆ ವಾರ ಗೊತ್ತಾಗುತ್ತಿತ್ತು. ಭಾನುವಾರ ದೊಡ್ಡದೊಂದು ಮಾಂಸದ ತುಂಡು ಒಲೆಯೊಳಗೆ ಬೇಯುತ್ತಿತ್ತು. ಸೋಮವಾರ ಅದೇ ಮಾಂಸ ತಣ್ಣಗೆ, ಉಪ್ಪಿನಕಾಯಿಯ ಜೊತೆ. ಏಕೆಂದರೆ ಹಿಂದಿನ ಕಾಲದಿಂದ ಸೋಮವಾರ ಬಟ್ಟೆ ಒಗೆಯುವ ದಿನ, ಅಡುಗೆಗೆ ಕೈ ಬಿಡುವಿರುತ್ತಿರಲಿಲ್ಲ. ಆಕೆಗೆ ಆಗಲೇ ಬಟ್ಟೆ ಒಗೆಯುವ ಯಂತ್ರ ಬಂದಿತ್ತು, ಆದರೂ ಸೋಮವಾರದ ಮಾಂಸ ತಣ್ಣಗೇ ಇರುತ್ತಿತ್ತು. ಮಂಗಳವಾರ ಉಳಿದದ್ದನ್ನು ಕೊಚ್ಚಿ, ಮೇಲೆ ಹಿಸುಕಿದ ಆಲೂಗಡ್ಡೆ ಹೊದಿಸಿ ಮತ್ತೆ ಒಲೆಗೆ. ಬುಧವಾರ ಮೂಳೆಯ ಸಾರು. ಗುರುವಾರ ಸಾಸೇಜು ಅಥವಾ ಕುರಿಯ ಯಕೃತ್ತು. ಸಂಬಳ ಬರುವ ಶುಕ್ರವಾರದ ಹಿಂದಿನ ದಿನವಾದ್ದರಿಂದ ಅಗ್ಗದ್ದು. ಶುಕ್ರವಾರ ಮೀನು. ಮಾಂಸದಿಂದ ಇಳಿದ ಕೊಬ್ಬನ್ನು ಪಿಂಗಾಣಿ ಬಟ್ಟಲಲ್ಲಿ ಹೆಪ್ಪುಗಟ್ಟಿಸಿ, ಉಪ್ಪು ಉದುರಿಸಿ ಬ್ರೆಡ್ಡಿಗೆ ಸವರಿಕೊಳ್ಳುತ್ತಿದ್ದರು. ಅದಕ್ಕೆ ‘ಡ್ರಿಪ್ಪಿಂಗ್’ ಎಂದು ಹೆಸರು.

ಮಾಂಸ ತಿನ್ನದ ನನಗೆ ಆಕೆ ಯಾರ್ಕ್‌ಶೈರ್ ಪುಡಿಂಗ್ ಬಡಿಸುತ್ತಿದ್ದರು. ಹೆಸರು ಕೇಳಿದರೆ ಸಿಹಿ. ನಿಜವಾಗಿ ಹಿಟ್ಟು, ಮೊಟ್ಟೆ, ಹಾಲು ಕಲಸಿ ಉಬ್ಬಿಸಿದ ಬಟ್ಟಲಿನಂಥದ್ದು. ಯಾರ್ಕ್‌ಶೈರಿನ ಹಳೆಯ ಪದ್ಧತಿಯಲ್ಲಿ ಅದನ್ನೇ ಮೊದಲು ಬಡಿಸುತ್ತಾರೆ, ಅರ್ಧ ಹೊಟ್ಟೆ ತುಂಬಿದರೆ ಮಾಂಸ ಕಡಿಮೆ ಸಾಕಾಗುತ್ತದೆ ಎಂಬ ಲೆಕ್ಕ. ಅದು ಉಬ್ಬುವುದು ದನದ ಕೊಬ್ಬು ಕುದಿಯುವ ತಟ್ಟೆಯಲ್ಲಿ ಎಂದು ನನಗೆ ತಿಳಿದದ್ದು ಮೂರನೆಯ ಭಾನುವಾರ. ಆ ಹೊತ್ತಿಗೆ ಎಷ್ಟು ತಿಂದಿದ್ದೆನೆಂದು ಊರಿನಲ್ಲಿ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಆಕೆ ಬೆಣ್ಣೆಯ ಕಾಗದವನ್ನು ಎಸೆಯುತ್ತಿರಲಿಲ್ಲ. ಮಡಚಿಟ್ಟುಕೊಂಡು ಕೇಕಿನ ತಟ್ಟೆಗೆ ಸವರುತ್ತಿದ್ದರು. ಜಿಪುಣತನ ಎಂದುಕೊಂಡಿದ್ದೆ. ಒಂದು ದಿನ ಮೇಜಿನ ಖಾನೆಯಿಂದ ತಮ್ಮ ರೇಷನ್ ಪುಸ್ತಕ ತೆಗೆದು ತೋರಿಸಿದರು. ಬ್ರಿಟನ್ನಿನಲ್ಲಿ ಪಡಿತರ ಶುರುವಾದದ್ದು 1940ರ ಜನವರಿಯಲ್ಲಿ. ಮುಗಿದದ್ದು 1945ರಲ್ಲಲ್ಲ, 1954ರ ಜುಲೈಯಲ್ಲಿ! ಯುದ್ಧ ಗೆದ್ದ ಮೇಲೆ ಹೊಟ್ಟೆಯ ಬಿಗಿ ಸಡಿಲವಾಗಲಿಲ್ಲ, ಇನ್ನಷ್ಟು ಬಿಗಿಯಾಯಿತು. ಯುದ್ಧದುದ್ದಕ್ಕೂ ಲೆಕ್ಕವಿಲ್ಲದೆ ಸಿಕ್ಕ ಬ್ರೆಡ್ಡಿಗೆ 1946ರಿಂದ ಎರಡು ವರ್ಷ ಪಡಿ ಬಿತ್ತು. 1951ರಲ್ಲಿ ಮಾಂಸದ ಪಾಲು ಯುದ್ಧಕಾಲಕ್ಕಿಂತಲೂ ಕೆಳಗಿಳಿಯಿತು. ಚಹಾ ವಾರಕ್ಕೆ ತಲೆಗೆ ಸುಮಾರು 57 ಗ್ರಾಂ. ಮೊಟ್ಟೆ ವಾರಕ್ಕೊಂದು, ಸಿಕ್ಕರೆ. 1949ರಲ್ಲಿ ಮಿಠಾಯಿಯ ಮೇಲಿನ ಪಡಿ ಎತ್ತಿ ನೋಡಿದರು. ಜನ ಮುಗಿಬಿದ್ದು ಅಂಗಡಿಗಳು ಬರಿದಾದವು. ಕೆಲವೇ ತಿಂಗಳಲ್ಲಿ ಮತ್ತೆ ಪಡಿ. ಮಕ್ಕಳಿಗೆ ಬೇಕಾದಷ್ಟು ಮಿಠಾಯಿ ಸಿಕ್ಕಿದ್ದು 1953ರ ಫೆಬ್ರವರಿಯಲ್ಲಿ. ಇಂಗ್ಲಿಷರ ಅಡುಗೆ ಸಪ್ಪೆ ಎಂದು ನಗುವವರು (ನಾನೂ ನಕ್ಕವನೇ) ಹದಿನಾಲ್ಕು ವರ್ಷದ ಈ ಲೆಕ್ಕವನ್ನು ಮರೆಯುತ್ತೇವೆ. ಒಂದು ಇಡೀ ಪೀಳಿಗೆ ಅಡುಗೆ ಕಲಿತದ್ದೇ ಮೊಟ್ಟೆಯ ಪುಡಿಯಲ್ಲಿ.

ಇನ್ನು ಆ ವಾರ ಮುರಿದದ್ದು ಹೇಗೆ ಎಂಬ ಮಾತಿಗೆ ಬರುತ್ತೇನೆ. ನಮ್ಮ ಮಸಾಲೆಯಿಂದಲ್ಲ, ಮೀನಿನ ಕಡ್ಡಿಯಿಂದ ಎಂದರೆ ನೀವು ನಗಬಹುದು. 1955ರಲ್ಲಿ ಬರ್ಡ್ಸ್ ಐ ಕಂಪನಿ ‘ಫಿಶ್ ಫಿಂಗರ್’ ಹೊರತಂದಿತು. ಮುಳ್ಳಿಲ್ಲ, ವಾಸನೆಯಿಲ್ಲ, ಹತ್ತು ನಿಮಿಷದಲ್ಲಿ ಮಕ್ಕಳ ಊಟ ಸಿದ್ಧ. ಅಷ್ಟರಲ್ಲಿ ಅಂಗಡಿಯೂ ಬದಲಾಗುತ್ತಿತ್ತು: ಕೌಂಟರಿನಾಚೆ ನಿಂತವನು ತೂಗಿ ಕಟ್ಟಿಕೊಡುವ ಬದಲು, ಬುಟ್ಟಿ ಹಿಡಿದು ತಾವೇ ಆರಿಸಿಕೊಳ್ಳುವ ಪದ್ಧತಿಯನ್ನು ಸೇನ್ಸ್‌ಬರಿ ಎಂಬ ಅಂಗಡಿ ಸಂಸ್ಥೆ 1950ರಲ್ಲಿ ಲಂಡನ್ನಿನ ಬಳಿಯ ಕ್ರಾಯ್ಡನ್‌ನಲ್ಲಿ ತಂದಿತು. 1961ರಲ್ಲಿ ಚಾರ್ಲಿವುಡ್ ಎಂಬ ಊರಿನ ಸಂಶೋಧಕರು ಹಿಟ್ಟನ್ನು ಯಂತ್ರದಲ್ಲಿ ರಭಸವಾಗಿ ನಾದಿ, ಗಂಟೆಗಟ್ಟಲೆ ಹುದುಗಲು ಬಿಡದೆಯೇ ಬ್ರೆಡ್ಡು ಮಾಡುವ ವಿಧಾನ ಕಂಡುಹಿಡಿದರು. ಹತ್ತಿಯಂಥ ಬಿಳಿ ಬ್ರೆಡ್ಡು ಮನೆಮನೆಗೆ ಬಂದದ್ದು ಹಾಗೆ. ಚಹಾದ ಚೀಲ ಆ ದಶಕದ ಆರಂಭದಲ್ಲಿ ಮಾರುಕಟ್ಟೆಯಲ್ಲಿ ನೂರಕ್ಕೆ ಮೂರರಷ್ಟೂ ಇರಲಿಲ್ಲ. ಈಗ ಸೊಪ್ಪು ಹಾಕಿ ಚಹಾ ಸೋಸುವವರನ್ನು ಹುಡುಕಬೇಕು. ಮನೆಗೆ ಫ್ರಿಜ್ ಬಂತು, ಮದುವೆಯಾದ ಹೆಂಗಸರು ಹೆಚ್ಚು ಹೆಚ್ಚಾಗಿ ಹೊರಗೆ ದುಡಿಯತೊಡಗಿದರು. ಒಂದೇ ತುಂಡನ್ನು ನಾಲ್ಕು ದಿನ ಹಿಗ್ಗಿಸುವ ಆ ಜಾಣತನ ಯಾರಿಗೂ ಬೇಡವಾಯಿತು. ಅದರ ಹಿಂದೆ ಇಡೀ ದಿನ ಮನೆಯಲ್ಲಿರುವ ಹೆಂಗಸೊಬ್ಬಳು ಇರಲೇಬೇಕಿತ್ತಲ್ಲ.

ಇಷ್ಟೆಲ್ಲ ನಡೆಯುವಾಗಲೂ ನಾಲಿಗೆ ಮಾತ್ರ ಅಲ್ಲೇ ಇತ್ತು. ಆಲಿವ್ ಎಣ್ಣೆ ಕಿವಿಗೆ ಬಿಟ್ಟುಕೊಳ್ಳಲು ಔಷಧದಂಗಡಿಯಲ್ಲಿ ಸಿಗುತ್ತಿತ್ತು. 1957ರ ಏಪ್ರಿಲ್ ಒಂದರಂದು ಬಿಬಿಸಿ ದೂರದರ್ಶನ, ಸ್ವಿಟ್ಜರ್ಲೆಂಡಿನಲ್ಲಿ ಮರದಿಂದ ಸ್ಪ್ಯಾಗೆಟಿ (ಹಿಟ್ಟಿನಿಂದ ಮಾಡುವ, ಶಾವಿಗೆಯಂಥ ಇಟಲಿಯ ತಿನಿಸು) ಕೊಯ್ಯುವ ದೃಶ್ಯ ತೋರಿಸಿತು. ಗಿಡ ಬೆಳೆಸುವುದು ಹೇಗೆಂದು ಫೋನ್ ಮಾಡಿ ಕೇಳಿದವರಿದ್ದರು!

ಈಗ ‘ನಮ್ಮವರ’ ವಿಷಯ. ಬ್ರಿಟನ್ನಿನ ‘ಇಂಡಿಯನ್’ ಹೋಟೆಲುಗಳಲ್ಲಿ ಬಹುಪಾಲು ನಡೆಸಿದವರು ಸಿಲ್ಹೆಟ್‌ನವರು, ಅಂದರೆ ಇಂದಿನ ಬಾಂಗ್ಲಾದೇಶದವರು. ಬ್ರಿಟಿಷ್ ಹಡಗುಗಳಲ್ಲಿ ದುಡಿದು ದಡದಲ್ಲಿ ಉಳಿದ ಸಿಲ್ಹೆಟ್ಟಿಗರು ಹಾಕಿದ ಹಾದಿ ಅದು. ಯುದ್ಧಾನಂತರ ಬಾಂಬು ಬಿದ್ದು ಹಾಳಾದ ಕೆಫೆಗಳನ್ನು, ಮೀನು ಚಿಪ್ಸಿನ ಅಂಗಡಿಗಳನ್ನು ಅಗ್ಗಕ್ಕೆ ಹಿಡಿದರು. ಮೀನು ಚಿಪ್ಸನ್ನು ನಿಲ್ಲಿಸದೆ ಪಕ್ಕದಲ್ಲಿ ಕರಿ ಇಟ್ಟರು. ಪಬ್ ಮುಚ್ಚಿದ ಮೇಲೆ ಹಸಿದು ಬರುವವರಿಗಾಗಿ ತಡರಾತ್ರಿಯವರೆಗೂ ಬಾಗಿಲು ತೆರೆದಿಟ್ಟರು. ಅಲ್ಲಿಯ ‘ಮದ್ರಾಸ್’ ಎಂಬ ಖಾರದ ಪದಾರ್ಥಕ್ಕೂ ಮದ್ರಾಸಿಗೂ ಸಂಬಂಧವಿಲ್ಲ. ಅದು ಖಾರದ ಏಣಿಯ ಒಂದು ಮೆಟ್ಟಿಲು, ಅಷ್ಟೇ. 2001ರಲ್ಲಿ ವಿದೇಶಾಂಗ ಸಚಿವ ರಾಬಿನ್ ಕುಕ್ ಚಿಕನ್ ಟಿಕ್ಕಾ ಮಸಾಲವನ್ನು ಬ್ರಿಟನ್ನಿನ ನಿಜವಾದ ರಾಷ್ಟ್ರೀಯ ಖಾದ್ಯ ಎಂದು ಕರೆದದ್ದು ಎಲ್ಲರಿಗೂ ನೆನಪಿದೆ. ಅದರ ಜೊತೆಗೆ ಅವರು ಹೇಳಿದ್ದು ನನಗೆ ಹೆಚ್ಚು ಇಷ್ಟ: ಟಿಕ್ಕಾಕ್ಕೆ ಆ ಮಸಾಲೆಯ ರಸ ಸೇರಿದ್ದು, ಮಾಂಸಕ್ಕೆ ಗ್ರೇವಿ ಬೇಕೆನ್ನುವ ಬ್ರಿಟಿಷರ ಆಸೆಗಾಗಿ. ಅಂದರೆ ನನ್ನ ಮನೆಯೊಡತಿ ಭಾನುವಾರ ಸುರಿಯುತ್ತಿದ್ದ ಗ್ರೇವಿಯೇ ಬಣ್ಣ ಬದಲಿಸಿಕೊಂಡು ಬಂದಿತ್ತು. ಹಾಗಿರುವಾಗ ಯಾರು ಯಾರನ್ನು ಬದಲಾಯಿಸಿದರು ಎನ್ನುತ್ತೀರಿ?

ವಾರದ ಜೊತೆಗೆ ಮೇಜೂ ಹೋಯಿತು. 1979ರಲ್ಲಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಅಂಗಡಿ ಬಿಸಿ ಮಾಡಿ ತಿನ್ನುವ ಚಿಕನ್ ಕೀವ್ (ಒಳಗೆ ಬೆಣ್ಣೆ ತುಂಬಿ, ಬ್ರೆಡ್ಡಿನ ಪುಡಿ ಹೊದಿಸಿದ ಕೋಳಿ ಮಾಂಸ) ಮಾರಿತು. ಮರುವರ್ಷ ಪೊಟ್ಟಣದ ಸ್ಯಾಂಡ್‌ವಿಚ್. ಮೈಕ್ರೋವೇವ್ ಬಂದ ಮೇಲಂತೂ ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಹೊತ್ತಿಗೆ ನಾಲ್ಕು ದೇಶದ ಊಟ ಮಾಡಬಹುದಾಯಿತು. ನೀವು ರೆಡಿಂಗ್‌ನಲ್ಲಿ ಕಂಡದ್ದು ಇದನ್ನೇ.

ಆ ನೋಟಕ್ಕೆ ಇನ್ನೊಂದು ಮಗ್ಗುಲಿದೆ, ಅದು ಮಗನ ಬೀದಿಯಲ್ಲಿ ಕಾಣಿಸಿರಲಿಕ್ಕಿಲ್ಲ. ಕೊಳ್ಳಲು ಗತಿಯಿಲ್ಲದವರಿಗೆ ಆಹಾರದ ಪೊಟ್ಟಣ ಕೊಡುವ ‘ಫುಡ್ ಬ್ಯಾಂಕ್’ಗಳು ಈಗ ಊರೂರಿಗಿವೆ. ಟ್ರಸೆಲ್ ಎಂಬ ಸಂಸ್ಥೆಯ ಕೇಂದ್ರಗಳಿಂದಲೇ 2023-24ರಲ್ಲಿ 30 ಲಕ್ಷಕ್ಕೂ ಹೆಚ್ಚು ಪೊಟ್ಟಣಗಳು ಹೋದವು. ಪಡಿತರದ ಕಾಲದಲ್ಲಿ ಎಲ್ಲರಿಗೂ ಕಡಿಮೆಯಿತ್ತು. ಈಗ ಅಂಗಡಿ ತುಂಬಿದೆ, ಕೆಲವರ ಬುಟ್ಟಿ ಖಾಲಿ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಬೇಯಿಸಿ ಬೇಯಿಸಿ ಬಣ್ಣಗೆಟ್ಟ ಆ ಎಲೆಕೋಸಿನ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ.

ನಿಮ್ಮ ಕೊನೆಯ ಪ್ರಶ್ನೆ, ಅವರ ಊಟ ಎಲ್ಲಿ ಹೋಯಿತು ಎಂಬುದು. ಭಾನುವಾರದ್ದು ಪಬ್ಬಿಗೆ ಹೋಗಿದೆ. ಮಧ್ಯಾಹ್ನ ಹೋದರೆ ಕುಟುಂಬಗಳು ಯಾರ್ಕ್‌ಶೈರ್ ಪುಡಿಂಗಿನ ಮುಂದೆ ಕುಳಿತಿರುತ್ತವೆ. ನಾಲ್ಕು ಗಂಟೆಯ ಚಹಾ ಪ್ರವಾಸಿಗರಿಗಾಗಿ ದೊಡ್ಡ ಹೋಟೆಲು ಸೇರಿದೆ. ಮಂಗಳವಾರದ ಆಲೂಗಡ್ಡೆ ಹೊದಿಸಿದ ಮಾಂಸ ಸೂಪರ್ ಮಾರ್ಕೆಟ್ಟಿನ ಫ್ರಿಜ್ಜಿನಲ್ಲಿ, ರಟ್ಟಿನ ಹೊದಿಕೆ ತೊಟ್ಟು ಕುಳಿತಿದೆ. ಸೋಮವಾರದ್ದು ಮಾತ್ರ ಎಲ್ಲೂ ಕಾಣಲಿಲ್ಲ. ಮುಂದಿನ ಸಲ ಹೋದಾಗ, ಶುಕ್ರವಾರ ಚೀನೀ ಪೊಟ್ಟಣ ತರಿಸುವ ಆ ಅಜ್ಜಿಯನ್ನು, ಅವರ ತಾಯಿ ಸೋಮವಾರ ಏನು ಬಡಿಸುತ್ತಿದ್ದರು ಎಂದು ಕೇಳಿ ನೋಡಿ. ಉತ್ತರ ಬಂದರೆ ನಮಗೂ ಒಂದು ಸಾಲು ಬರೆಯಿರಿ.

— ಸಂಪಾದಕ