ಒಂದು ಬಟನ್ ಬದಲಾದರೆ 140 ಟೆಸ್ಟ್ ಯಾಕೆ ಕೆಡಬೇಕು?

ಪ್ರಶ್ನೆ: ಸರ್, ಬ್ರೌಸರನ್ನು ತಾನೇ ನಡೆಸಿ ವೆಬ್‌ಸೈಟ್ ಪರೀಕ್ಷಿಸುವ ಸೆಲೆನಿಯಂನಲ್ಲಿ ಸುಮಾರು 140 ಟೆಸ್ಟ್ ಬರೆದಿದ್ದೇನೆ. ಹೋದ ವಾರ ಡೆವಲಪರ್‌ಗಳು ಲಾಗಿನ್ ಬಟನ್ನಿನ ಐಡಿ (ಪುಟದ ಕೋಡಿನಲ್ಲಿ ಅದಕ್ಕಿಟ್ಟ ಗುರುತು) ಬದಲಿಸಿದರು, ಬೆಳಿಗ್ಗೆ ನೋಡಿದರೆ ಎಲ್ಲವೂ ಫೇಲ್. ಸರಿಮಾಡಲು ಎರಡು ದಿನ ಹಿಡಿಯಿತು. ಟೀಮಿನವರೆಲ್ಲ ಬಳಸುವಂಥ ಒಂದು ದೊಡ್ಡ ಕೋಡ್ ಲೈಬ್ರರಿ ಬರೆದುಬಿಡಲಾ?
– ಓದುಗರು, ದಾವಣಗೆರೆ

ಉತ್ತರ: ಬರೆಯಿರಿ, ಆದರೆ ದೊಡ್ಡದು ಬೇಡ. 2004ರಲ್ಲಿ ಸೆಲೆನಿಯಂ ಶುರುವಾದಾಗಿನಿಂದ ಟೆಸ್ಟರ್‌ಗಳು ಪಡುತ್ತಿರುವ ಪಾಡು ಇದು. ಮೊದಲು ಲಾಗಿನ್ ಪುಟಕ್ಕೆ ಒಂದು ಕ್ಲಾಸ್, ಅಂದರೆ ಆ ಪುಟದ ಕೆಲಸವೆಲ್ಲ ಒಂದೆಡೆ ಇರುವ ಕೋಡಿನ ಭಾಗ, ಮಾಡಿ. ಬಟನ್ ಎಲ್ಲಿದೆ, ಅದರ ಐಡಿ ಏನು ಅನ್ನೋದು ಆ ಕ್ಲಾಸಿಗೆ ಮಾತ್ರ ಗೊತ್ತಿರಲಿ. ಟೆಸ್ಟ್ ಸುಮ್ನೆ ಹೆಸರು, ಪಾಸ್‌ವರ್ಡ್ ಕೊಟ್ಟು 'ಲಾಗಿನ್ ಮಾಡು' ಅಂದರೆ ಸಾಕು. ಇದನ್ನೇ ಪೇಜ್ ಆಬ್ಜೆಕ್ಟ್ ಅನ್ನುತ್ತಾರೆ. ಇನ್ನೊಮ್ಮೆ ಐಡಿ ಬದಲಾದರೆ ತಿದ್ದುವುದು ಒಂದೇ ಸಾಲು.

ಹತ್ತಾರು ಪುಟಗಳಲ್ಲಿ ಕಾಣುವ ಕ್ಯಾಲೆಂಡರ್, ಟೇಬಲ್ ಇಂಥವಕ್ಕೆ ಪ್ರತ್ಯೇಕ ಕ್ಲಾಸ್ ಇರಲಿ. ಇಲ್ಲಿ ಒಂದು ಎಚ್ಚರಿಕೆ. ಬುಕಿಂಗ್ ಪುಟದಲ್ಲಿ ಹೋಗುವ ದಿನಕ್ಕೊಂದು, ಬರುವ ದಿನಕ್ಕೊಂದು ಕ್ಯಾಲೆಂಡರ್ ಇತ್ತು, ನನ್ನ ಕ್ಲಾಸ್ ಎರಡು ಸಲವೂ ಮೊದಲನೆಯದನ್ನೇ ಒತ್ತುತ್ತಿತ್ತು. ಎರಡನೇ ಕ್ಯಾಲೆಂಡರಿನ ಒಳಗೇ ಹುಡುಕು ಅಂತ ಬರೆದಿದ್ದೆನಲ್ಲ ಅಂತ ಅರ್ಧ ದಿನ ತಲೆಕೆಡಿಸಿಕೊಂಡೆ. ಎಕ್ಸ್‌ಪಾತ್, ಅಂದರೆ ಪುಟದಲ್ಲಿ ಒಂದು ಬಟನ್ ಎಲ್ಲಿದೆ ಅಂತ ಹೇಳುವ ವಿಳಾಸ, ಎರಡು ಓರೆಗೀಟಿನಿಂದ (//) ಶುರುವಾದರೆ ಎಲ್ಲಿಂದ ಕರೆದರೂ ಇಡೀ ಪುಟವನ್ನೇ ಹುಡುಕುತ್ತದೆ, ಗೀಟಿಗಿಂತ ಮೊದಲು ಒಂದು ಚುಕ್ಕಿ (.//) ಇಟ್ಟರೆ ಮಾತ್ರ ಒಳಗಡೆ ಹುಡುಕುತ್ತದೆ. ಆ ಚುಕ್ಕಿ ಮರೆಯಬೇಡಿ.

ಬಟನ್ ಕಾಣಿಸುವವರೆಗೆ ಕಾಯುವ ಕೆಲಸವೂ ಕ್ಲಾಸಿನ ಒಳಗೇ ಇರಲಿ. ಐದು ಸೆಕೆಂಡ್ ಸ್ಲೀಪ್ ಹಾಕಿ ಸುಮ್ನೆ ನಿಲ್ಲಿಸುವ ಬದಲು ಸೆಲೆನಿಯಂನದೇ ವೆಬ್‌ಡ್ರೈವರ್‌ವೇಟ್ ಬಳಸಿ, ಅದು ಅರ್ಧ ಸೆಕೆಂಡಿಗೊಮ್ಮೆ ನೋಡಿ, ಬಟನ್ ಸಿಕ್ಕ ಕೂಡಲೇ ಮುಂದೆ ಹೋಗುತ್ತದೆ.

ಸರಿಯೋ ತಪ್ಪೋ ಅಂತ ತೀರ್ಮಾನಿಸುವ ಅಸರ್ಟ್ ಮಾತ್ರ ಟೆಸ್ಟಿನಲ್ಲೇ ಇರಬೇಕು. ಲಾಗಿನ್ ಕ್ಲಾಸೇ 'ಹೋಮ್ ಪೇಜ್ ಬಂತಾ' ಅಂತ ಪರೀಕ್ಷಿಸಿಬಿಟ್ಟರೆ, ತಪ್ಪು ಪಾಸ್‌ವರ್ಡ್ ಕೊಟ್ಟು ನೋಡುವ ಟೆಸ್ಟಿಗೆ ಅದು ಉಪಯೋಗಕ್ಕೆ ಬರಲ್ಲ, ಅಲ್ವಾ? ಆಗ ಜನ ಪರೀಕ್ಷಿಸಬೇಕೋ ಬೇಡವೋ ಅಂತ ಹೇಳಲು ಅದಕ್ಕೊಂದು ಟ್ರೂ-ಫಾಲ್ಸ್ ಸೇರಿಸುತ್ತಾರೆ, ಆಮೇಲೆ ಇನ್ನೊಂದು, ಕೊನೆಗೆ ಅದನ್ನು ಮುಟ್ಟಲು ಯಾರಿಗೂ ಧೈರ್ಯ ಇರಲ್ಲ. ದೊಡ್ಡ ಲೈಬ್ರರಿ ಬೇಡ ಅಂದಿದ್ದು ಇದಕ್ಕೇ.

140 ಟೆಸ್ಟನ್ನೂ ಒಟ್ಟಿಗೆ ತಿದ್ದಲು ಕೂರಬೇಡಿ. ಯಾವುದು ಕೆಡುತ್ತದೋ ಅದನ್ನು ಸರಿಮಾಡುವಾಗ ಹೊಸ ಕ್ಲಾಸಿಗೆ ಸಾಗಿಸಿ. ನಾಳೆಯೇ ಡೆವಲಪರ್‌ಗಳ ಹತ್ತಿರ ಕೂತು, ಮುಖ್ಯ ಬಟನ್‌ಗಳಿಗೆ ಟೆಸ್ಟಿಗೆಂದೇ ಒಂದು ಪ್ರತ್ಯೇಕ ಗುರುತು, ಡೇಟಾ-ಟೆಸ್ಟ್‌ಐಡಿ, ಹಾಕಿಸಿಕೊಳ್ಳಿ. ಅವರಿಗೆ ಅದು ಬಟನ್ನಿಗೊಂದು ಪದ ಸೇರಿಸುವ ಕೆಲಸ ಅಷ್ಟೇ.