ಹರ್ ಕಿ ದೂನ್‌ಗೆ ಎಷ್ಟು ದಿನ ಬೇಕು: ನಡೆಯುವ ದೂರಕ್ಕಿಂತ ಮಲಗುವ ಎತ್ತರ ಮುಖ್ಯ

ಸಾಗರದ ಗೆಳೆಯರಿಗೆ ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ನೀವು ನಾಲ್ವರು, 28ರಿಂದ 52 ವರ್ಷದವರೆಗಿನವರು. ಕೊಡಚಾದ್ರಿಯನ್ನು ಹಲವು ಸಲ ಹತ್ತಿದ್ದೀರಿ, ಕುಮಾರಪರ್ವತವನ್ನು ಕುಕ್ಕೆಯ ಕಡೆಯಿಂದ ಹತ್ತಿ ಅದೇ ದಿನ ಇಳಿದಿದ್ದೀರಿ. ಅಡಿಕೆ ಕೊಯ್ಲು, ಸುಲಿತ ಎಲ್ಲ ಮುಗಿದು, ಮುಂಗಾರಿನ ಬೋರ್ಡೋ ಸಿಂಪಡಣೆ ಶುರುವಾಗುವ ಮುನ್ನ, ಏಪ್ರಿಲ್ ಕೊನೆಯಲ್ಲಿ ನಿಮಗೆ ಒಂಬತ್ತು ದಿನ ಬಿಡುವು ಸಿಗುತ್ತದೆ. ಉತ್ತರಾಖಂಡದ ಹಿಮಾಲಯದಲ್ಲಿರುವ ಹರ್ ಕಿ ದೂನ್ ಕಣಿವೆಗೆ ಚಾರಣ ಹೋಗಿಬರಲು ಒಟ್ಟು 47 ಕಿಲೋಮೀಟರ್ ಎಂದು ಎಲ್ಲೋ ಓದಿ, ಒಂದೇ ದಿನದಲ್ಲಿ 26 ಕಿಲೋಮೀಟರ್ ನಡೆದವರಿಗೆ ಇದು ಎರಡು ದಿನದ ನಡಿಗೆಯಲ್ಲವೇ, ಸಂಘಟಕರು ಏಳೆಂಟು ದಿನದ ಕಾರ್ಯಕ್ರಮ ಹಾಕುವುದು ಏಕೆ ಎಂದು ಕೇಳಿದ್ದೀರಿ. ಎರಡು ದಿನದಲ್ಲಿ ಮಾಡಬೇಡಿ, ಮೂರು ದಿನದಲ್ಲಿಯೂ ಮಾಡಬೇಡಿ ಎನ್ನುವುದು ನನ್ನ ಉತ್ತರ. ಕಾರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಮಲೆನಾಡಿನಲ್ಲಿ ಚೆನ್ನಾಗಿ ನಡೆಯಬಲ್ಲವರೇ ಈ ಲೆಕ್ಕದಲ್ಲಿ ಹೆಚ್ಚಾಗಿ ಎಡವುತ್ತಾರೆ.

ನಮ್ಮ ಗುಡ್ಡಗಳಲ್ಲಿ ದಣಿವು ಬರುವುದು ಏರಿನಿಂದ, ಸೆಕೆಯಿಂದ, ಮಳೆಗಾಲವಾದರೆ ಜಾರಿಕೆ ಮತ್ತು ಇಂಬಳದಿಂದ. ಕೊಡಚಾದ್ರಿಯ ನೆತ್ತಿ 1343 ಮೀಟರ್, ಕುಮಾರಪರ್ವತ 1712 ಮೀಟರ್, ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯೂ 2000 ಮೀಟರ್ ಮುಟ್ಟುವುದಿಲ್ಲ. ಎತ್ತರದ ಕಾಯಿಲೆ, ಅಂದರೆ ಆಮ್ಲಜನಕ ಸಾಲದೆ ತಲೆನೋವು, ವಾಂತಿ ಬರುವುದು, ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2500 ಮೀಟರ್ ದಾಟಿದ ಮೇಲೆ. ಅಂದರೆ ನಾವು ಇಲ್ಲಿ ಎಷ್ಟು ವರ್ಷ ಗುಡ್ಡ ಹತ್ತಿದರೂ ಆ ಪರೀಕ್ಷೆ ನಮ್ಮ ದೇಹಕ್ಕೆ ಒಮ್ಮೆಯೂ ಆಗಿರುವುದಿಲ್ಲ. ಹರ್ ಕಿ ದೂನ್ ಕಣಿವೆ ಇರುವುದು ಸುಮಾರು 3560 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು ಮಾತ್ರ, ಹಾಗಾಗಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಕಾಲಿನ ಬಲ ಈ ಕೊರತೆಯನ್ನು ತುಂಬುವುದಿಲ್ಲ. ಉಸಿರಾಟದ ವೇಗ, ರಕ್ತದ ಸಮತೋಲ ಎಲ್ಲವೂ ಹೊಸ ಎತ್ತರಕ್ಕೆ ಒಗ್ಗಿಕೊಳ್ಳಲು ದಿನಗಳೇ ಬೇಕು, ಗಂಟೆಗಳು ಸಾಲುವುದಿಲ್ಲ.

ಇದನ್ನು ನಾನು ಕಲಿತದ್ದು ಕಣ್ಣಾರೆ ಕಂಡು. ಕೆಲವು ವರ್ಷಗಳ ಹಿಂದೆ ನಾವು ಐವರು ಅದೇ ಸೀಮೆಯ ಕೇದಾರಕಂಠ ಶಿಖರಕ್ಕೆ ಹೋಗಿದ್ದಾಗ, ಒಂದು ದಿನ ಉಳಿಸಬೇಕೆಂದು ನಡುವಿನ ಬಿಡಾರವನ್ನು ಬಿಟ್ಟು, ಚಾರಣ ಶುರುವಾಗುವ ಸಾಂಕ್ರಿ ಹಳ್ಳಿಯಿಂದ ಒಂದೇ ದಿನದಲ್ಲಿ ಸುಮಾರು 3400 ಮೀಟರಿನ ಬಿಡಾರಕ್ಕೆ ಏರಿದೆವು. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗ ಒಬ್ಬ ಕೊನೆಗಾರ. ಬೆಳಗಿನಿಂದ ಸಂಜೆಯವರೆಗೆ ಅಡಿಕೆ ಮರದಿಂದ ಮರಕ್ಕೆ ಹಾಯುವವನು, ಏರಿನಲ್ಲಿ ನಮ್ಮ ಚೀಲವನ್ನೂ ಅವನೇ ಹೊತ್ತಿದ್ದ. ಸಂಜೆ ನಗುನಗುತ್ತ ಚಹಾ ಕುಡಿದವನಿಗೆ ರಾತ್ರಿ ಹತ್ತಕ್ಕೆ ತಲೆನೋವು ಶುರುವಾಯಿತು, ನಂತರ ವಾಂತಿ, ಎರಡು ಗಂಟೆಯ ಹೊತ್ತಿಗೆ ನೇರವಾಗಿ ಹೆಜ್ಜೆ ಇಡಲೂ ಆಗಲಿಲ್ಲ. ಸ್ಥಳೀಯ ಮಾರ್ಗದರ್ಶಿ ಒಂದು ಕ್ಷಣವೂ ಯೋಚಿಸದೆ ಅವನನ್ನು ಎಬ್ಬಿಸಿ, ಟಾರ್ಚ್ ಬೆಳಕಿನಲ್ಲಿ ಸುಮಾರು 600 ಮೀಟರ್ ಕೆಳಗೆ, ನಾವು ಬಿಟ್ಟು ಬಂದಿದ್ದ ಜೂಡಾ ಕಾ ತಾಲಾಬ್ ಬಿಡಾರಕ್ಕೆ ಇಳಿಸಿದರು. ಬೆಳಕು ಹರಿಯುವ ಹೊತ್ತಿಗೆ ಅವನು ಎದ್ದು ಕುಳಿತು ನೀರು ಕೇಳಿದ. ಅವನನ್ನು ಉಳಿಸಿದ್ದು ಆ ಇಳಿತ. ಕಾಯಿಲೆಗೆ ತಳ್ಳಿದ್ದು ನಾವು ಉಳಿಸಲು ಹೋದ ಒಂದು ದಿನ.

ಕಾಯಿಲೆ ರಾತ್ರಿಯೇ ಬಂದದ್ದು ಆಕಸ್ಮಿಕವಲ್ಲ. ಹೊಸ ಎತ್ತರ ತಲುಪಿದ ಆರರಿಂದ ಹನ್ನೆರಡು ಗಂಟೆಗಳೊಳಗೆ ಲಕ್ಷಣಗಳು ಕಾಣಿಸಿಕೊಳ್ಳುವುದು ಸಾಮಾನ್ಯ. ನಿದ್ದೆಯಲ್ಲಿ ಉಸಿರಾಟ ಇಳಿಯುವುದರಿಂದ ರಕ್ತದಲ್ಲಿನ ಆಮ್ಲಜನಕ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದಲೇ ಪರ್ವತ ವೈದ್ಯರ ಲೆಕ್ಕ ಹಗಲು ಎಷ್ಟು ಎತ್ತರ ಮುಟ್ಟಿದಿರಿ ಎಂಬುದರ ಮೇಲೆ ನಿಂತಿಲ್ಲ, ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದಿರಿ ಎಂಬುದರ ಮೇಲೆ ನಿಂತಿದೆ. 3000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ಒಂದು ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಕಳೆಯಬೇಕು ಎಂಬುದು ಒಪ್ಪಿತ ನಿಯಮ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೋಗುವವರು 3440 ಮೀಟರಿನ ನಾಮ್ಚೆ ಬಜಾರಿನಲ್ಲಿ ಎರಡು ರಾತ್ರಿ ನಿಲ್ಲುವುದು ಇದೇ ಕಾರಣಕ್ಕೆ.

ಈಗ ನಿಮ್ಮ ದಾರಿಗೇ ಈ ಲೆಕ್ಕವನ್ನು ಹಾಕಿ ನೋಡೋಣ. ನಡಿಗೆಯ ಸಮಯಕ್ಕೆ ಒಂದು ಹಳೆಯ ಸೂತ್ರವಿದೆ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ ಹೇಳಿದ ಈ ಸೂತ್ರದ ಪ್ರಕಾರ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಹಾಕಿದರೆ 13 ಕಿಲೋಮೀಟರಿಗೆ ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು, ಸುಮಾರು 1600 ಮೀಟರ್ ಏರಿಗೆ ಮತ್ತೆ ಅಷ್ಟೇ, ಒಟ್ಟು ಐದು ಗಂಟೆಯ ಮೇಲೆ. ದಾರಿಯ ಭಟ್ಟರ ಮನೆಯಲ್ಲಿ ಊಟಕ್ಕೆ ಕೂತ ಹೊತ್ತನ್ನು ಬಿಟ್ಟು ನೀವು ತೆಗೆದುಕೊಂಡ ಸಮಯದೊಂದಿಗೆ ಇದನ್ನು ಹೋಲಿಸಿ ನೋಡಿ. ನಿಮ್ಮ ಗುಂಪು ಸೂತ್ರಕ್ಕಿಂತ ಎಷ್ಟು ನಿಧಾನ ಅಥವಾ ಎಷ್ಟು ವೇಗ ಎಂಬುದು ಗೊತ್ತಾಗುತ್ತದೆ. 2500 ಮೀಟರಿನ ಮೇಲೆ ನಾನು ಸೂತ್ರದ ಉತ್ತರವನ್ನು ಒಂದೂವರೆಯಿಂದ ಗುಣಿಸುತ್ತೇನೆ. ಅದು ನನ್ನ ಅನುಭವದ ಗುಣಕ, ನಿಮ್ಮದು ಬೇರೆ ಇರಬಹುದು.

ಹರ್ ಕಿ ದೂನ್ ದಾರಿಯಲ್ಲಿ ಸಿಗುವ ಓಸ್ಲಾ ಹಳ್ಳಿ ಇರುವುದು ಸುಮಾರು 2560 ಮೀಟರಿನಲ್ಲಿ. ಅಲ್ಲಿಂದ ಹರ್ ಕಿ ದೂನ್‌ಗೆ ಹೆಚ್ಚುಕಡಿಮೆ 11 ಕಿಲೋಮೀಟರ್, ಏರು ಸುಮಾರು 1000 ಮೀಟರ್. ಸೂತ್ರದಂತೆ ನಾಲ್ಕು ಗಂಟೆ, ಒಂದೂವರೆಯಿಂದ ಗುಣಿಸಿದರೆ ಆರು ಗಂಟೆ, ವಿಶ್ರಾಂತಿ ಸೇರಿಸಿದರೆ ಏಳು. ಬೆಳಿಗ್ಗೆ ಏಳಕ್ಕೆ ಹೊರಟರೆ ಮಧ್ಯಾಹ್ನ ಎರಡಕ್ಕೆ ತಲುಪಬಹುದು, ಕಾಲಿಗೆ ಇದು ಖಂಡಿತ ಸಾಧ್ಯ. ಆದರೆ ಅಲ್ಲೇ ಮಲಗಿದರೆ ಮಲಗುವ ಎತ್ತರ ಒಂದೇ ದಿನಕ್ಕೆ 1000 ಮೀಟರ್ ಜಿಗಿಯುತ್ತದೆ. ನಮ್ಮ ಕೊನೆಗಾರನಿಗೆ ಆದದ್ದೂ ಇಂಥದೇ ಜಿಗಿತದಿಂದ. ಹಾಗಾಗಿ ಓಸ್ಲಾ ಮತ್ತು ಹರ್ ಕಿ ದೂನ್ ನಡುವೆ, ಸುಮಾರು 3000 ಮೀಟರಿನಲ್ಲಿರುವ ಕಲ್ಕತ್ತಿಯಾಧಾರ್ ಎಂಬ ಜಾಗದಲ್ಲಿ ಒಂದು ರಾತ್ರಿ ನಿಲ್ಲಬೇಕು. ಮರುದಿನ ಹರ್ ಕಿ ದೂನ್ ನೋಡಿ ಮತ್ತೆ ಅದೇ ಬಿಡಾರಕ್ಕೆ ಇಳಿದು ಮಲಗಬೇಕು. ಹಗಲು ಎತ್ತರ ಮುಟ್ಟಿ ರಾತ್ರಿ ತಗ್ಗಿನಲ್ಲಿ ಮಲಗುವ ಈ ಕ್ರಮ ದೇಹಕ್ಕೆ ತುಂಬ ಅನುಕೂಲ. ಓಸ್ಲಾದಿಂದ ಕಲ್ಕತ್ತಿಯಾಧಾರ್‌ಗೆ ಹೋಗುವ ದಿನ ನಿಮಗೆ ಮಧ್ಯಾಹ್ನದ ಹೊತ್ತಿಗೇ ನಡಿಗೆ ಮುಗಿದು, ಬೇಸರವಾಗಬಹುದು. ಆ ಬಿಡುವೇ ಆ ದಿನದ ಕೆಲಸ ಎಂದು ತಿಳಿಯಿರಿ. ಚೀಲ ಇಳಿಸಿ, ನೂರು ನೂರೈವತ್ತು ಮೀಟರ್ ಮೇಲಕ್ಕೆ ನಿಧಾನವಾಗಿ ಹತ್ತಿ ಬನ್ನಿ. ಹಗಲು ಮಲಗಿ ನಿದ್ದೆ ಮಾಡಬೇಡಿ.

ಇನ್ನು ಒಟ್ಟು ದಿನಗಳ ಲೆಕ್ಕ. ಶಿವಮೊಗ್ಗದಿಂದ ರಾತ್ರಿ ಹೊರಟು ಬೆಂಗಳೂರು ಸೇರಿ, ವಿಮಾನದಲ್ಲಿ ಡೆಹ್ರಾಡೂನ್ ತಲುಪುವುದು ಮೊದಲ ದಿನ. (ಡೆಹ್ರಾಡೂನ್ ಹೆಚ್ಚುಕಡಿಮೆ ನಮ್ಮ ಆಗುಂಬೆಯಷ್ಟೇ ಎತ್ತರದಲ್ಲಿದೆ, ಆ ರಾತ್ರಿಯಿಂದ ದೇಹಕ್ಕೆ ಯಾವ ತಯಾರಿಯೂ ಆಗುವುದಿಲ್ಲ.) ಅಲ್ಲಿಂದ ಸಾಂಕ್ರಿಗೆ ಸುಮಾರು 200 ಕಿಲೋಮೀಟರ್. ತಿರುವಿನ ರಸ್ತೆಯಾದ್ದರಿಂದ ಎಂಟರಿಂದ ಹತ್ತು ಗಂಟೆ ಹಿಡಿಯುತ್ತದೆ, ಎರಡನೇ ದಿನ ಪೂರ್ತಿ ಅದಕ್ಕೇ ಹೋಗುತ್ತದೆ. ರಾತ್ರಿ ಸುಮಾರು 1950 ಮೀಟರಿನ ಸಾಂಕ್ರಿಯಲ್ಲಿ. ಮೂರನೇ ದಿನ ಜೀಪಿನಲ್ಲಿ ತಾಲುಕಾ ಎಂಬ ಹಳ್ಳಿಯವರೆಗೆ ಹೋಗಿ ಓಸ್ಲಾಕ್ಕೆ ನಡಿಗೆ, ನಾಲ್ಕನೇ ದಿನ ಕಲ್ಕತ್ತಿಯಾಧಾರ್, ಐದನೇ ದಿನ ಹರ್ ಕಿ ದೂನ್ ನೋಡಿ ವಾಪಸು, ಆರನೇ ದಿನ ಓಸ್ಲಾ, ಏಳನೇ ದಿನ ಸಾಂಕ್ರಿ, ಎಂಟನೇ ದಿನ ಡೆಹ್ರಾಡೂನ್, ಒಂಬತ್ತನೇ ದಿನ ಬೆಂಗಳೂರು, ಹತ್ತನೇ ದಿನ ಬೆಳಿಗ್ಗೆ ಊರು. ಇದಕ್ಕೆ ಹವಾಮಾನ ಕೆಟ್ಟರೆ, ಗುಡ್ಡ ಕುಸಿದು ರಸ್ತೆ ಮುಚ್ಚಿದರೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಬೇಕಾಗುವ ಒಂದು ಮೀಸಲು ದಿನ ಸೇರಿಸಿ. ಹನ್ನೊಂದು ದಿನವಾಯಿತು. ನಿಮ್ಮ ಬಳಿ ಇರುವುದು ಒಂಬತ್ತು.

ಈ ಎರಡು ದಿನದ ಅಂತರವನ್ನು ಬಿಡಾರದ ರಾತ್ರಿಗಳಿಂದ ಕತ್ತರಿಸಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. ತೋಟದ ಕೆಲಸವನ್ನು ಮನೆಯವರಿಗೋ ನೆರೆಯವರಿಗೋ ಒಪ್ಪಿಸಿ ಇನ್ನೆರಡು ದಿನ ಹೊಂದಿಸಲು ಸಾಧ್ಯವೇ ನೋಡಿ. ಸಾಧ್ಯವಿಲ್ಲದಿದ್ದರೆ ಈ ಸಲ ಕೇದಾರಕಂಠಕ್ಕೆ ಹೋಗಿ. ಅದೂ ಸಾಂಕ್ರಿಯಿಂದಲೇ ಆರಂಭ, ನಡಿಗೆ ನಾಲ್ಕು ದಿನ, ಒಟ್ಟು ಸುಮಾರು 20 ಕಿಲೋಮೀಟರ್ ಮಾತ್ರ, ನೆತ್ತಿ 3810 ಮೀಟರ್. ಮೊದಲ ರಾತ್ರಿ ಸುಮಾರು 2770 ಮೀಟರಿನ ಜೂಡಾ ಕಾ ತಾಲಾಬ್, ಎರಡನೇ ರಾತ್ರಿ ಸುಮಾರು 3400 ಮೀಟರಿನ ಬಿಡಾರ, ಮೂರನೇ ದಿನ ನಸುಕಿನಲ್ಲೇ ನೆತ್ತಿ ಹತ್ತಿ ಕೆಳಗಿನ ಬಿಡಾರಕ್ಕೆ. ಎರಡನೇ ರಾತ್ರಿಯ ಏರಿಕೆ 500 ಮೀಟರಿನ ನಿಯಮವನ್ನು ಸ್ವಲ್ಪ ಮೀರುತ್ತದೆ ಎಂಬುದನ್ನು ಮರೆಯಬೇಡಿ, ಅಲ್ಲಿ ತಲೆನೋವು ಬರುವವರು ಬಹಳ ಜನ. 20 ಕಿಲೋಮೀಟರಿಗೆ ನಾಲ್ಕು ದಿನ ಎಂದಾಗ ನಿಮಗೆ ನಗು ಬರಬಹುದು. ಆದರೆ ನಾನು ಮೇಲೆ ಹೇಳಿದ ರಾತ್ರಿ ನಡೆದದ್ದು ಇದೇ ಚಿಕ್ಕ ದಾರಿಯಲ್ಲಿ.

ನೀವು ಓದಿದ 47 ಕಿಲೋಮೀಟರ್ ಎಂಬ ಅಂಕಿಯನ್ನೂ ಪೂರ್ತಿ ನಂಬಬೇಡಿ. ಜೀಪು ಹೋಗುವ ರಸ್ತೆ ಮುಂದುವರಿದಂತೆಲ್ಲ ನಡಿಗೆಯ ದೂರ ಬದಲಾಗುತ್ತದೆ. ಕೆಲವರು ಸಾಂಕ್ರಿಯಿಂದ ಎಣಿಸುತ್ತಾರೆ, ಕೆಲವರು ತಾಲುಕಾದಿಂದ. ಹೊರಡುವ ವಾರದಲ್ಲಿ ಸಾಂಕ್ರಿಯ ಮಾರ್ಗದರ್ಶಿಗಳನ್ನೇ ಫೋನಿನಲ್ಲಿ ವಿಚಾರಿಸುವುದು ಒಳ್ಳೆಯದು. ಆ ಪ್ರದೇಶ ಗೋವಿಂದ ವನ್ಯಜೀವಿಧಾಮದ ವ್ಯಾಪ್ತಿಗೆ ಬರುವುದರಿಂದ ಅರಣ್ಯ ಇಲಾಖೆಯ ಪರವಾನಗಿ ಬೇಕು, ಅದನ್ನೂ ಆಗಲೇ ಕೇಳಿಕೊಳ್ಳಿ.

ಮೀಸಲು ದಿನದ ಬಗ್ಗೆ ಇನ್ನೊಂದು ಮಾತು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ ನಮ್ಮ ರಾಜ್ಯದಿಂದ ಹೋಗಿದ್ದ ಒಂಬತ್ತು ಚಾರಣಿಗರು ತೀರಿಕೊಂಡರು. ಆ ಸುದ್ದಿ ಬಂದ ದಿನ ಚಾರಣಿಗರ ಈ ನಮ್ಮ ಗುಂಪಿನಲ್ಲಿ ನಾವೆಲ್ಲ ಎಷ್ಟು ಕಂಗಾಲಾಗಿದ್ದೆವು ಎಂಬುದು ಹಳಬರಿಗೆ ನೆನಪಿದೆ. ಅಲ್ಲಿ ಏನು ನಡೆಯಿತು ಎಂದು ದೂರದಿಂದ ತೀರ್ಪು ಕೊಡುವುದು ತಪ್ಪು. ಆದರೆ ಜೂನ್ ತಿಂಗಳಲ್ಲಿಯೂ ಎತ್ತರದಲ್ಲಿ ಹಿಮ ಬೀಳುತ್ತದೆ ಎಂಬುದನ್ನು ನಮ್ಮ ಯೋಜನೆಯೊಳಗೆ ತರಲೇಬೇಕು. ಪರ್ವತಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟುವುದು ವಾಡಿಕೆ. ಆದ್ದರಿಂದ ಹರ್ ಕಿ ದೂನ್ ನೋಡುವ ದಿನ ಬೆಳಿಗ್ಗೆ ಆರಕ್ಕೇ ಹೊರಡಿ. ಹನ್ನೆರಡು ಗಂಟೆಗೆ ಎಲ್ಲಿದ್ದರೂ ಅಲ್ಲಿಂದ ಹಿಂತಿರುಗುವುದು ಎಂದು ನಾಲ್ವರೂ ಊರಿನಲ್ಲೇ ಮಾತಾಡಿಕೊಂಡು ಹೋಗಿ. ಹಿಂತಿರುಗುವ ವಿಮಾನದ ಟಿಕೆಟ್ ಮೀಸಲು ದಿನದ ನಂತರದ್ದಾಗಿರಲಿ. ಮರುದಿನವೇ ವಿಮಾನ ಹಿಡಿಯಬೇಕಾದವರು ಕೆಟ್ಟ ಹವೆಯಲ್ಲೂ ಮುಂದೆ ಹೋಗಲು ಹಟ ಹಿಡಿಯುತ್ತಾರೆ, ಇದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಲಕ್ಷಣಗಳ ಬಗ್ಗೆ ನಾಲ್ವರಿಗೂ ತಿಳಿದಿರಬೇಕು. ತಲೆನೋವಿನ ಜೊತೆಗೆ ಊಟ ಸೇರದಿರುವುದು, ವಾಕರಿಕೆ, ಅತಿಯಾದ ಸುಸ್ತು ಇವುಗಳಲ್ಲಿ ಒಂದು ಕಂಡರೂ ಆ ದಿನ ಮೇಲಕ್ಕೆ ಹೋಗಬಾರದು. ನಿಂತಲ್ಲೇ ನಿಂತು ಕಡಿಮೆಯಾಗದಿದ್ದರೆ ಇಳಿಯಬೇಕು. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗುವಂತೆ ಒಂದು ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ ನೋಡಿ. ತೂರಾಡಿದರೆ, ಮಾತು ತೊದಲಿದರೆ, ಅಥವಾ ಕುಳಿತಿದ್ದಾಗಲೂ ಏದುಸಿರು ಬಿಡುತ್ತಿದ್ದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಕೆಳಗಿಳಿಸಬೇಕು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ಕೇಳಿದ್ದೀರಿ. ಅದು ದೇಹ ಒಗ್ಗಿಕೊಳ್ಳಲು ನೆರವಾಗುತ್ತದೆಯೇ ಹೊರತು ಬಿಡಾರದ ರಾತ್ರಿಗಳಿಗೆ ಬದಲಿಯಲ್ಲ, ಸಲ್ಫಾ ಔಷಧಿ ಒಗ್ಗದವರಿಗೆ ಅಪಾಯವೂ ಆಗಬಹುದು. 52 ವರ್ಷದ ನಿಮ್ಮ ಅಣ್ಣನವರಿಗೆ ರಕ್ತದೊತ್ತಡ ಇದೆ ಎಂದು ಬರೆದಿದ್ದೀರಿ, ಹಾಗಾಗಿ ಅವರು ಮಾತ್ರೆಯ ವಿಷಯವನ್ನೂ ಹೋಗುವ ವಿಷಯವನ್ನೂ ವೈದ್ಯರೊಂದಿಗೆ ಮಾತಾಡಿಯೇ ತೀರ್ಮಾನಿಸಲಿ. ದಾರಿಯಲ್ಲಿ ಅವರನ್ನೇ ಮುಂದೆ ಬಿಡಿ. ಗುಂಪಿನ ನಡಿಗೆ ಅವರ ನಡಿಗೆಯಾಗಲಿ.

ತಯಾರಿಗೆ ನಮ್ಮ ಗುಡ್ಡಗಳು ಧಾರಾಳ ಸಾಕು. ಎಂಟು ಕಿಲೋ ತೂಕದ ಚೀಲ ಹೊತ್ತು ವಾರಕ್ಕೊಮ್ಮೆ ಕವಲೇದುರ್ಗವನ್ನೋ ಕೊಡಚಾದ್ರಿಯನ್ನೋ ಹತ್ತಿ, ಇಳಿಯುವಾಗ ಓಡದೆ ಮಂಡಿ ಬಾಗಿಸಿ ಇಳಿಯುವ ಅಭ್ಯಾಸ ಮಾಡಿ. ಹೊಸ ಬೂಟನ್ನು ಇಲ್ಲೇ ಹಳತು ಮಾಡಿಕೊಳ್ಳಿ.

ಸಂಘಟಕರ ಮೂಲಕ ಹೋಗುವುದಾದರೆ ಪ್ರತಿ ರಾತ್ರಿಯ ಬಿಡಾರದ ಎತ್ತರವನ್ನು ಮೀಟರಿನಲ್ಲಿ ಬರೆದು ಕೊಡಲು ಕೇಳಿ. ಕಿಲೋಮೀಟರ್ ಮಾತ್ರ ಹೇಳಿ ಎತ್ತರ ಹೇಳದವರ ಜೊತೆ ಹೋಗಬೇಡಿ. ಆ ಪಟ್ಟಿ ಕೈಗೆ ಬಂದ ಮೇಲೆ ಇಲ್ಲಿ ಹಾಕಿದರೆ, ಯಾವ ರಾತ್ರಿ ಜಿಗಿತ ಹೆಚ್ಚಾಗಿದೆ ಎಂದು ನೋಡಿ ಹೇಳುತ್ತೇನೆ. ಮುಂಗಡ ಹಣವನ್ನು ಅದಕ್ಕೂ ಮೊದಲು ಕಟ್ಟಬೇಡಿ.