ಕಥೆಗೆ ಐಡಿಯಾ ಎಲ್ಲಿಂದ ತರಲಿ?

ಪ್ರಶ್ನೆ: ಕಥೆ ಬರೆಯಬೇಕೆಂದು ತುಂಬಾ ಆಸೆ. ಆದರೆ ಐಡಿಯಾನೇ ಹೊಳೆಯುವುದಿಲ್ಲ. ಹೊಳೆದರೂ ಎರಡು ಪುಟಕ್ಕೆ ನಿಂತುಬಿಡುತ್ತದೆ. ಎಲ್ಲವನ್ನೂ ಯಾರೋ ಆಗಲೇ ಬರೆದಿದ್ದಾರೆ ಅನ್ನಿಸುತ್ತದೆ. ಏನು ಮಾಡಲಿ?

ಉತ್ತರ: ಎರಡು ಪುಟ ಬರೆದಿದ್ದೀರಿ ಅಂದರೆ ನಿಮಗೆ ಐಡಿಯಾದ ಕೊರತೆ ಇಲ್ಲ. ಘಟನೆ ಸಿಕ್ಕಿದೆ. ಆ ಘಟನೆಯಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡುವ ಮನುಷ್ಯ ಇನ್ನೂ ಸಿಕ್ಕಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಮ್ಮೆ ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲಿದ್ದವರು ಫೋನಿನಲ್ಲಿ ಹೇಳಿದರು: “ಬೀಗ ಬದಲಾಯಿಸಿಬಿಟ್ಟೆ. ಅವನಿಗೆ ಹೇಳಬೇಡ.” ಮನೆಗೆ ಬಂದು ಆ ಮಾತನ್ನು ಹಾಗೇ ಬರೆದಿಟ್ಟುಕೊಂಡೆ. ಅದರ ಕೆಳಗೆ ಒಂದೇ ಪ್ರಶ್ನೆ: ಈ ‘ಅವನು’ ಯಾರು? ಬಾಡಿಗೆ ಕೊಡದವನು. ಕುಡುಕ ಗಂಡ. ಕಳ್ಳತನ ಮಾಡಿದ ಕೆಲಸಗಾರ. ಮೂರನ್ನೂ ಹೊಡೆದುಹಾಕಿದೆ. ತಟ್ಟನೆ ಹೊಳೆಯುವುದು ಹೆಚ್ಚಾಗಿ ನಾವು ಎಲ್ಲೋ ಓದಿದ್ದು, ಸಿನಿಮಾದಲ್ಲಿ ನೋಡಿದ್ದು. ‘ಎಲ್ಲ ಬರೆದಾಗಿದೆ’ ಅಂತ ನಿಮಗೆ ಅನ್ನಿಸುವುದೂ ಇದಕ್ಕೇ ಇರಬಹುದು. ಮೊದಲ ಉತ್ತರಕ್ಕೆ ನಿಲ್ಲಬೇಡಿ, ಇನ್ನೂ ಸ್ವಲ್ಪ ಹೊತ್ತು ಕೂತಿರಿ. ನಾನು ಕೂತಾಗ ಬಂದದ್ದು ಇದು: ‘ಅವನು’ ಅಂದರೆ ಮಗ, ಮಾತಾಡುತ್ತಿರುವವರು ಅಪ್ಪ. ಮಗ ಕೆಟ್ಟವನೇನಲ್ಲ. ಅಪ್ಪನಿಗೆ ಮರೆವು ಶುರುವಾಗಿದೆ, ಮನೆ ಅಸ್ತವ್ಯಸ್ತವಾಗಿದೆ, ಅದು ಮಗನ ಕಣ್ಣಿಗೆ ಬೀಳಬಾರದು.

ಈಗ ಮುಖ್ಯವಾದ ಪ್ರಶ್ನೆ. ಈ ಕಥೆ ಯಾರದು? ಅಪ್ಪ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ಮಗನಿಗೆ ವಿಷಯವೇ ಗೊತ್ತಿಲ್ಲ. ನಿಜವಾಗಿ ಇಕ್ಕಟ್ಟಿಗೆ ಬಿದ್ದವಳು ಫೋನಿನ ಆ ಕಡೆ ಕೇಳಿಸಿಕೊಳ್ಳುತ್ತಿರುವ ಮಗಳು. ಅಣ್ಣನಿಗೆ ಹೇಳಿದರೆ ಅಪ್ಪನ ಮಾತು ಮೀರಿದ ಹಾಗೆ. ಹೇಳದಿದ್ದರೆ ಅಪ್ಪನಿಗೇ ಅಪಾಯ. ಅಣ್ಣ ನಾಳೆ ಬೆಳಿಗ್ಗೆ ಬರುತ್ತಾನೆ ಅಂತ ಇಟ್ಟುಕೊಳ್ಳಿ. ಅವಳ ಕೈಯಲ್ಲಿ ಇರುವುದು ಒಂದೇ ರಾತ್ರಿ. ಇದು ಎರಡು ಪುಟಕ್ಕೆ ನಿಲ್ಲುವ ಕಥೆಯಲ್ಲ, ಅಲ್ವಾ?

ಕಾದಂಬರಿಕಾರ ಹೆನ್ರಿ ಜೇಮ್ಸ್ ಒಂದು ಊಟದ ಮೇಜಿನಲ್ಲಿ ಇಂಥದ್ದೇ ಮಾತು ಕೇಳಿದರು. ಒಬ್ಬ ತಾಯಿಗೂ ಅವಳ ಒಬ್ಬನೇ ಮಗನಿಗೂ ಮನೆಯ ಪೀಠೋಪಕರಣಕ್ಕಾಗಿ ದೊಡ್ಡ ಜಗಳ. ಅವರ ನೋಟ್‌ಬುಕ್ಕಿನಲ್ಲಿ ಇದರ ಟಿಪ್ಪಣಿ ಇರುವುದು 1893ರ ಡಿಸೆಂಬರ್‌ನಲ್ಲಿ. ಅದು ‘ದಿ ಸ್ಪಾಯ್ಲ್ಸ್ ಆಫ್ ಪಾಯ್ನ್‌ಟನ್’ ಎಂಬ ಪುಸ್ತಕವಾಗಿ ಬಂದದ್ದು 1897ರಲ್ಲಿ. ಕಥೆಗೆ ಬೇಕಾದದ್ದು ಆ ಮೊದಲ ಒಂದೆರಡು ಮಾತಿನಲ್ಲೇ ಸಿಕ್ಕಿತ್ತು, ಆಮೇಲಿನ ವಿವರಗಳಿಂದ ಉಪಯೋಗವಾಗಲಿಲ್ಲ ಎಂದು ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಕಾದಂಬರಿಯ ನಡುವೆ ಅವರು ತಂದು ನಿಲ್ಲಿಸಿದ್ದು ಫ್ಲೀಡಾ ಎಂಬ ಹುಡುಗಿಯನ್ನು. ಅವಳು ತಾಯಿಯ ಗೆಳತಿ, ಮಗನ ಮೇಲೂ ಅವಳಿಗೆ ಪ್ರೀತಿ. ಇಡೀ ಜಗಳವನ್ನು ನಾವು ನೋಡುವುದು ಅವಳ ಕಣ್ಣಿನಿಂದ. ನನಗೆ ಈ ಕೆಲಸದ ಬಗ್ಗೆ ತುಂಬಾ ಗೌರವ. ಜಗಳವಾಡುವವರು ಎಲ್ಲಾ ಕಡೆ ಸಿಗುತ್ತಾರೆ. ಇಬ್ಬರನ್ನೂ ಬಿಟ್ಟುಕೊಡಲಾಗದ ಮೂರನೆಯವರನ್ನು ಬರೆಯುವವರೇ ಹುಡುಕಬೇಕು.

ಹಾಗಾಗಿ ಎಲ್ಲಾದರೂ ಒಂದು ಮಾತು ಕಿವಿಗೆ ಬಿದ್ದರೆ ಮುಂದೇನಾಯಿತು ಅಂತ ಜಾಸ್ತಿ ವಿಚಾರಿಸಲು ಹೋಗಬೇಡಿ. ಪೂರ್ತಿ ಗೊತ್ತಾದರೆ ನೀವು ವರದಿಗಾರರಾಗಿಬಿಡುತ್ತೀರಿ. ನಿಂತುಹೋದ ಆ ಎರಡು ಪುಟಗಳನ್ನು ಹರಿದುಹಾಕಬೇಡಿ. ಅದರಲ್ಲಿ ಸುಮ್ನೆ ಬಂದು ಹೋಗುವ ಪಾತ್ರ ಒಂದು ಇದ್ದೇ ಇರುತ್ತದೆ. ಅದೇ ಘಟನೆಯನ್ನು ಆ ಪಾತ್ರದ ಕಡೆಯಿಂದ ಇನ್ನೊಮ್ಮೆ ಬರೆದು ನೋಡಿ.

ಪ್ರಶ್ನೆ: ನಮ್ಮ ಸಂಬಂಧಿಕರ ಮನೆಯಲ್ಲಿ ನಡೆದದ್ದನ್ನು ಕಥೆ ಮಾಡಬಹುದಾ? ಹೆಸರು ಬದಲಾಯಿಸಿದರೆ ಸಾಕಾ?

ಉತ್ತರ: ಬರೆಯಬಹುದು, ಆದರೆ ಹೆಸರು ಬದಲಾಯಿಸಿದರೆ ಸಾಲದು. ಓದಿದ ತಕ್ಷಣ ಅವರಿಗೆ ಗೊತ್ತಾಗುತ್ತದೆ, ನೆಂಟರಿಗೆಲ್ಲಾ ಗೊತ್ತಾಗುತ್ತದೆ. ಆ ಇಕ್ಕಟ್ಟನ್ನು ಮಾತ್ರ ಇಟ್ಟುಕೊಳ್ಳಿ. ವಯಸ್ಸು, ಕೆಲಸ, ಸಂಬಂಧ, ಕೊನೆಗೆ ಆದದ್ದು, ಎಲ್ಲವನ್ನೂ ಬದಲಿಸಿ. ಅಕ್ಕತಂಗಿಯರ ಕಥೆಯನ್ನು ಇಬ್ಬರು ಸಹೋದ್ಯೋಗಿಗಳ ಕಥೆ ಮಾಡಿ ನೋಡಿ. ಬದಲಿಸಿದ ಮೇಲೂ ಕಥೆ ನಿಂತರೆ ಅದು ನಿಮ್ಮದು. ನಿಲ್ಲದಿದ್ದರೆ, ಅವರು ಗುಟ್ಟಾಗಿ ನಿಮಗೆ ಹೇಳಿಕೊಂಡದ್ದನ್ನು ಗುಟ್ಟಾಗಿಯೇ ಇಟ್ಟು ಬೇರೆ ಕಥೆ ಹುಡುಕಿ.